ನೋಡಿ ಕೊಡಿ ಸಾರ್

ನಮ್ಮ ಮನೆಯಿಂದ ಪ್ರವಾಸ ಹೊರಟರೆ ಬಟ್ಟೆ, ಮಾತ್ರೆ, ಪುಳಿಯೋಗರೆ ಗೊಜ್ಜು ಇವೆಲ್ಲ ನನ್ನ ಹೆಂಡತಿಯ ಇಲಾಖೆ. ಚಿಲ್ಲರೆ ನನ್ನದು. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತೇ ತಲೆ ಬೆಳ್ಳಗಾದವನು ಅನ್ನುವ ಒಂದೇ ಅರ್ಹತೆಯ ಮೇಲೆ ಈ ಖಾತೆ ನನಗೆ ಬಂದಿದೆ. ಆದರೆ ಹತ್ತರ ನೋಟು ಈಗ ಎಲ್ಲಿದೆ? ಯಲಹಂಕ ನ್ಯೂಟೌನಿನಲ್ಲಿ ಕೊತ್ತಂಬರಿ ಸೊಪ್ಪಿನ ಗಾಡಿಗೂ ಕ್ಯೂಆರ್ ಕೋಡ್ ಬಂದು ಕೂತಿದೆ. ಹಾಗಂತ ಭಕ್ಷೀಸನ್ನು ಫೋನಿನಲ್ಲಿ ಕೊಡಲು ನನಗೆ ಧೈರ್ಯವಿಲ್ಲ. ಒಮ್ಮೆ ಕೊಟ್ಟಿದ್ದೆ. ಪಂಕ್ಚರ್ ಹಾಕಿದ ಹುಡುಗನಿಗೆ ಖುಷಿಯಿಂದ ಮೇಲೊಂದು ಹತ್ತು ರೂಪಾಯಿ ಕಳಿಸಿದರೆ, ಅಂಗಡಿಯ ಡಬ್ಬಿ 'ಹತ್ತು ರೂಪಾಯಿ ಸ್ವೀಕರಿಸಲಾಗಿದೆ' ಎಂದು ಇಡೀ ಬೀದಿಗೆ ಡಂಗುರ ಸಾರಿತು. ನಾಲ್ಕು ಜನ ತಿರುಗಿ ನೋಡಿದರು. ಅದೂ ಹೋದದ್ದು ಮಾಲೀಕನ ಖಾತೆಗೆ.

ಹೀಗಾಗಿ ಹೊರಡುವ ಹಿಂದಿನ ರಾತ್ರಿ ನನ್ನ ಜೇಬುಗಳ ವಿಂಗಡಣೆ ನಡೆಯುತ್ತದೆ. ಅಂಗಿಯ ಜೇಬಿಗೆ ಹತ್ತು ಇಪ್ಪತ್ತು, ಪ್ಯಾಂಟಿನ ಎಡಕ್ಕೆ ಐವತ್ತು, ಬಲಕ್ಕೆ ನೂರು, ಹಿಂದಿನ ಜೇಬಿಗೆ ಐನೂರು. ಐನೂರು ಆಸ್ಪತ್ರೆ ಗೀಸ್ಪತ್ರೆ ಅಂತ ಬಂದರೆ ಇರಲಿ ಎಂದು. ಹೊತ್ತಿಗೆ ಸರಿಯಾಗಿ ಕೈಗೆ ಸಿಗುವುದು ಮಾತ್ರ ಪಕ್ಕದ ಜೇಬಿನದೇ. ಎದುರಿಗೆ ನಿಂತವನ ಕಣ್ಣಿಗೆ ಬಿದ್ದ ನೋಟನ್ನು ಮತ್ತೆ ಜೇಬಿಗೆ ಇಳಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನ ಹೆಂಡತಿ ಪಕ್ಕದಲ್ಲಿ ನಿಂತಿರಲಿಲ್ಲ ಅನ್ನಿಸುತ್ತದೆ.

ನಾನು ಜಿಪುಣನಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಮದುವೆ ಮನೆಯಲ್ಲಿ ಐನೂರೊಂದು ಮುಯ್ಯಿ ಓದಿಸುವಾಗ ನನ್ನ ಕೈ ನಡುಗುವುದಿಲ್ಲ. ಅಲ್ಲಿ ಕವರು ಅಂಟಿಸಿರುತ್ತದೆ, ಮೇಲೆ ನನ್ನ ಹೆಸರಿರುತ್ತದೆ, ಮಗಳ ಮದುವೆಯಲ್ಲಿ ವಾಪಸು ಬರುವ ಭರವಸೆಯೂ ಇರುತ್ತದೆ. ಟಿಪ್ಸಿನಲ್ಲಿ ಈ ಮೂರೂ ಇಲ್ಲ. ಬರಿಗೈಯಿಂದ ಬರಿಗೈಗೆ, ಕಣ್ಣಲ್ಲಿ ಕಣ್ಣಿಟ್ಟು ಕೊಡಬೇಕು. ಕಡಿಮೆ ಕೊಟ್ಟರೆ ಅವನ ಮುಖ ನೋಡಲಾಗದು, ಜಾಸ್ತಿ ಕೊಟ್ಟರೆ ಇವಳ ಮುಖ ನೋಡಲಾಗದು.

ಈಗಿನ ಆಟೋ ಆ್ಯಪ್‌ಗಳು ಈ ಸಂಕಟವನ್ನು ಪ್ರಯಾಣದ ಕೊನೆಯಿಂದ ಎತ್ತಿ ಮೊದಲಿಗೇ ತಂದಿಟ್ಟಿವೆ. ಆರ್.ಟಿ. ನಗರದ ನನ್ನ ಭಾಮೈದನ ಮನೆಯಿಂದ ಯಶವಂತಪುರ ಸ್ಟೇಷನ್ನಿಗೆ ಹೊರಟಿದ್ದೆವು. ಮಳೆ. ಆಟೋ ಒಂದೂ ಒಪ್ಪಲಿಲ್ಲ. 'ಟಿಪ್ ಸೇರಿಸಿದರೆ ಬೇಗ ಸಿಗಬಹುದು' ಎಂದು ಫೋನು ಕಿವಿಮಾತು ಹೇಳಿತು. ಹತ್ತು ಒತ್ತಿದೆ. ಇಪ್ಪತ್ತು ಒತ್ತಿದೆ. ಮೂವತ್ತಕ್ಕೆ ಬೆರಳು ಹೋಗುವಾಗ ಕೊಡೆಯ ಕೆಳಗಿನಿಂದ ಹೆಂಡತಿ ಇಣುಕಿದಳು. "ರೀ, ಆಟೋ ಕರೀತಿದ್ದೀರೋ, ಹರಾಜು ಕೂಗ್ತಿದ್ದೀರೋ?" ಸೇವೆಯನ್ನೇ ಕಾಣದೆ ಮೆಚ್ಚುಗೆ ತೋರಿಸುವುದು ಹೇಗೆ ಅನ್ನುವ ಪ್ರಶ್ನೆ ನನಗೊಬ್ಬನಿಗೇ ಬಂದದ್ದಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಧಾರವಾಡದ ಸಂಸದರೂ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿಯವರು ಈ ಮುಂಗಡ ಟಿಪ್ಪನ್ನು ಅನೈತಿಕ ಎಂದು ಕರೆದರು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಊಬರ್ ಕಂಪನಿಗೆ ನೋಟಿಸು ಕೊಟ್ಟಿತು. ಟಿಪ್ಸು ಪ್ರಯಾಣ ಮುಗಿದ ಮೇಲೆ ಕೊಡುವಂಥದ್ದು, ಅದೇನು ಹಕ್ಕಲ್ಲ ಅನ್ನುವುದು ಅವರ ವಾದ. ಇದನ್ನು ಓದಿ ಹೇಳಿದಾಗ ಹೆಂಡತಿ, "ನಿಮಗೆ ಮುಂಚೆಯೂ ಕಷ್ಟ, ಆಮೇಲೂ ಕಷ್ಟ. ನೋಟಿಸು ಯಾರಿಗೆ ಕೊಡಬೇಕೋ!" ಅಂದಳು.

ಮಾಮೂಲಿ ಆಟೋದವರೇ ವಾಸಿ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆಪಟ್ಟು. ಇದು ಸರ್ಕಾರದ ದರ. ಅದರ ಮೇಲೆ ಅವರು "ಹೆಬ್ಬಾಳದಲ್ಲಿ ಜಾಮ್ ಇದೆ, ಮೀಟರ್ ಮೇಲೆ ಇಪ್ಪತ್ತು ಕೊಡಿ" ಅನ್ನುತ್ತಾರೆ. ಹೆಬ್ಬಾಳದಲ್ಲಿ ಜಾಮ್ ಇಲ್ಲ ಎಂದು ವಾದಿಸಲು ಯಾರಿಂದ ಸಾಧ್ಯ? ಇಂತಿಷ್ಟು ಬೇಕು ಎಂದು ಬಾಯಿಬಿಟ್ಟು ಹೇಳುವವರ ಮೇಲೆ ನನಗೆ ಗೌರವವಿದೆ. ನಾನು ಹೆದರುವುದು, ಕೈಕಟ್ಟಿ ನಿಂತು, ಸ್ವಲ್ಪ ನಕ್ಕು, "ನೋಡಿ ಕೊಡಿ ಸಾರ್" ಅನ್ನುವವರಿಗೆ. ನೋಡುವುದು ಏನನ್ನು? ನನ್ನನ್ನೇ ನಾನು ನೋಡಿಕೊಳ್ಳಬೇಕು.

ಇದೇ ಕಾರಣಕ್ಕೆ ಅಮೆರಿಕ ನನಗೆ ಸರಿಹೋಯಿತು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿ ಬಿಲ್ಲಿನ ಕೆಳಗೇ ಶೇಕಡಾ 18, 20, 25 ಎಂದು ಲೆಕ್ಕ ಹಾಕಿಟ್ಟಿರುತ್ತಾರೆ. ಕ್ಯಾಶಿಯರಿಗೆ ಇದಕ್ಕಿಂತ ಸುಖ ಬೇರೆ ಏನಿದೆ? ಆದರೂ ಊಟ ಮಾಡಿದ್ದಕ್ಕೆ ಐದನೇ ಒಂದು ಪಾಲು ಮೇಲೆ ಯಾಕೆ ಎಂದು ಕೇಳಿದೆ. ಮಗಳು ಪಾಠ ಮಾಡಿದಳು. ಟಿಪ್ಸು ಸಿಗುವ ಕೆಲಸಗಾರರಿಗೆ ಮಾಲೀಕ ಗಂಟೆಗೆ ಕೊಡಲೇಬೇಕಾದದ್ದು ಅಲ್ಲಿಯ ಕೇಂದ್ರ ಕಾನೂನಿನಲ್ಲಿ ಬರೀ 2.13 ಡಾಲರ್, 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಎಷ್ಟೋ ರಾಜ್ಯಗಳು ಹೆಚ್ಚು ಮಾಡಿಕೊಂಡಿವೆ, ಮಾಡಿಕೊಳ್ಳದ ಕಡೆ ಸಪ್ಲೈಯರ್‌ನ ಸಂಬಳ ಊಟಕ್ಕೆ ಬಂದವರ ತಲೆಯ ಮೇಲೆ. "ಅಪ್ಪಾ, ನೋ ಟಿಪ್ ಒತ್ತಬೇಡ, ನಾನು ಇದೇ ಊರಲ್ಲಿ ಬದುಕಬೇಕು" ಎಂದೂ ಸೇರಿಸಿದಳು. ನಯಾಗರಾ ನೋಡಲು ಹೋದ ಬಸ್ಸಿನಲ್ಲಂತೂ ಗೈಡು ಮೊದಲೇ ಹೇಳಿಬಿಟ್ಟ: ತಲೆಗೆ, ದಿನಕ್ಕೆ, ಇಂತಿಷ್ಟು. ನಾನು ನೆಮ್ಮದಿಯಿಂದ ಎಣಿಸಿ ಇಟ್ಟೆ. ಹೆಂಡತಿ ಅದನ್ನು ರೂಪಾಯಿಗೆ ಪರಿವರ್ತಿಸಿ, ಜಲಪಾತದ ಮುಂದೆ ನಿಂತಷ್ಟು ಹೊತ್ತೂ ಅದನ್ನೇ ಲೆಕ್ಕ ಹಾಕುತ್ತಿದ್ದಳು. ಜಪಾನಿನಲ್ಲಿ ಟಿಪ್ಸು ಕೊಡುವ ರೂಢಿಯೇ ಇಲ್ಲವಂತೆ. ನನಗೆ ಹೇಳಿ ಮಾಡಿಸಿದ ದೇಶ, ಆದರೆ ವಿಮಾನದ ಟಿಕೆಟ್ಟಿನ ದರದಲ್ಲಿ ಇಲ್ಲಿ ಆಯಸ್ಸು ಪೂರ್ತಿ ಎಲ್ಲರಿಗೂ ಟಿಪ್ಸು ಕೊಡಬಹುದು.

ಊರಲ್ಲಿ ಎಂಥ ಇಕ್ಕಟ್ಟು ಬರುತ್ತದೆ ನೋಡಿ. ಗೌರಿ ಹಬ್ಬಕ್ಕೆ ಮುಂಚೆ ಸಹಕಾರನಗರದ ಅಪಾರ್ಟ್‌ಮೆಂಟ್ ಒಂದರಲ್ಲಿ ಮಣ್ಣಿನ ಗಣಪತಿ ಮಾಡುವ ಕಾರ್ಯಾಗಾರ ಏರ್ಪಾಟಾಗಿತ್ತು. ಮಣ್ಣು, ಹಲಗೆ, ಕಾಫಿ ಎಲ್ಲ ಸೇರಿ ಫೀಸು. ಹೆಂಡತಿಯೂ ಅಮ್ಮನೂ ಹೆಸರು ಕೊಟ್ಟಿದ್ದರು, ನಾನು ಚೀಲ ಹೊರಲು ಹೋಗಿ ನನಗೂ ಒಂದು ಉಂಡೆ ಮಣ್ಣು ಸಿಕ್ಕಿತು. ಹೇಳಿಕೊಡುವವರಿಗೆ ಬರಿಗೈಯಲ್ಲಿ ನಮಸ್ಕಾರ ಹೇಳಿ ಬರುವುದು ನಮ್ಮ ಮನೆತನಕ್ಕೆ ಒಗ್ಗುವುದಿಲ್ಲ. ಫೀಸು ಕೊಟ್ಟಾಗಿದೆಯಲ್ಲ ಎಂದು ನಾನು ಅಂದದ್ದಕ್ಕೆ "ಫೀಸು ಬೇರೆ, ಮರ್ಯಾದೆ ಬೇರೆ" ಎಂಬ ಉತ್ತರ ಬಂತು. ವಾಟ್ಸ್‌ಆ್ಯಪ್ಪಿನಲ್ಲಿದ್ದ ಹೆಸರು ನೋಡಿ ಟೀಚರು ಹೆಂಗಸು ಎಂದೇ ತಿಳಿದು ಹೆಂಡತಿ ಎಲೆ, ಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸು ಎಲ್ಲ ಜೋಡಿಸಿ ತಂದಿದ್ದಳು. ಬಂದವನು ಜುಟ್ಟು ಕಟ್ಟಿ ಗಡ್ಡ ಬಿಟ್ಟ ಹುಡುಗ. ಹಿಂದೆಮುಂದೆ ನೋಡದೆ ತಟ್ಟೆ ಮುಂದೆ ಹಿಡಿದಳು. ಆತ ಎರಡೂ ಕೈಯಲ್ಲಿ ತೆಗೆದುಕೊಂಡು, ಬ್ಲೌಸ್ ಪೀಸಿನ ಅಂಚು ಬಿಡಿಸಿ ನೋಡಿ, "ಬಣ್ಣ ಚೆನ್ನಾಗಿದೆ ಆಂಟಿ, ಅಮ್ಮನಿಗೆ ಕೊಡ್ತೀನಿ" ಅಂದ. ನನ್ನ ಎಡ ಜೇಬು, ಬಲ ಜೇಬು ಎರಡೂ ಬಚಾವಾದವು.

ಆ ದಿನ ನನ್ನ ಗಣಪತಿಯ ಸೊಂಡಿಲು ನಿಲ್ಲುತ್ತಿರಲಿಲ್ಲ. ಅಂಟಿಸಿದಷ್ಟೂ ಜಾರಿ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಮೂಲೆಯಲ್ಲಿ ಮಣ್ಣು ಕಲಸಿಕೊಡುತ್ತಿದ್ದ ಇನ್ನೊಬ್ಬ ಹುಡುಗ ಎದ್ದುಬಂದ. ಜೇಬಿನಿಂದ ಪೊರಕೆ ಕಡ್ಡಿ ತೆಗೆದು ಸೊಂಡಿಲು ಕೂರುವ ಜಾಗವನ್ನು ಕೆರೆದ, ತೆಳುವಾಗಿ ಕಲಸಿದ ಮಣ್ಣನ್ನು ಬೆರಳ ತುದಿಯಲ್ಲಿ ಸವರಿದ, ಸೊಂಡಿಲಿಟ್ಟು ಹೆಬ್ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ತೀಡಿದ. ಬೆಸುಗೆ ಎಲ್ಲಿತ್ತು ಎಂದೇ ಗೊತ್ತಾಗಲಿಲ್ಲ. ಎಲ್ಲ ಮುಗಿದು ಎಲ್ಲರೂ ತಂತಮ್ಮ ಗಣಪತಿಯ ಜೊತೆ ಸೆಲ್ಫಿ ತೆಗೆದುಕೊಳ್ಳುವಾಗ ಅವನು ನೆಲ ಒರೆಸುತ್ತಿದ್ದ. ಅಮ್ಮ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ನಾಲ್ಕು ಮಡಿಕೆ ಮಾಡಿದ ನೂರರ ನೋಟನ್ನು ತೆಗೆದು ಅವನ ಒದ್ದೆ ಕೈಗಿಟ್ಟಳು. "ಬಸ್ ಚಾರ್ಜಿಗೆ ಇಟ್ಕೋ ಮಗಾ." ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರು ಫೀಸು ತಗೊಂಡಿದಾರೆ. ಈ ಮಗು ಏನು ತಗೊಂಡಿದೆ?" ಅಂದಳು. ನಾನು ಅಮ್ಮನ ಹಿಂದೆಯೇ ನಿಂತು, ಆ ನೂರರಲ್ಲಿ ನನ್ನದೂ ಪಾಲಿದೆ ಅನ್ನುವ ಹಾಗೆ ಗಂಭೀರವಾಗಿ ತಲೆಯಾಡಿಸಿದೆ.

ಕಾಡಂಚಿನ ರೆಸಾರ್ಟೊಂದರಲ್ಲಿ ನನ್ನಂಥವರಿಗೆಂದೇ ಒಂದು ಉಪಾಯ ಮಾಡಿದ್ದರು. ಯಾರಿಗೂ ಕೈಯಲ್ಲಿ ಕೊಡಬೇಡಿ, ಸ್ವಾಗತದ ಮೇಜಿನ ಮೇಲಿರುವ ಡಬ್ಬಿಗೆ ಹಾಕಿ, ಎಲ್ಲರೂ ಹಂಚಿಕೊಳ್ಳುತ್ತಾರೆ ಎಂದು ಬರೆದಿತ್ತು. ಅಡುಗೆ ಮನೆಯವರಿಗೂ ಹಾಸಿಗೆ ಒದರುವವರಿಗೂ ಪಾಲು ಸಿಗಲು ಇದೇ ದಾರಿ. ಬೆಳಗಿನ ಸಫಾರಿಯಲ್ಲಿ ಹುಲಿ ಕಾಣಲಿಲ್ಲ. ಜೀಪಿನ ಹುಡುಗ ಪಾಪ, ಕಡವೆ ಕೂಗಿದ ಕಡೆಗೆಲ್ಲ ತಿರುಗಿಸಿದ, ಮುಸುವಗಳು ಮರದ ತುದಿಯಲ್ಲಿ ಕೆಮ್ಮಿದಾಗ ಎಂಜಿನ್ ಆರಿಸಿ ಕಾದ, ಕೊನೆಗೆ ಮಣ್ಣಿನಲ್ಲಿ ಹೆಜ್ಜೆ ಗುರುತು ತೋರಿಸಿದ. ಹುಲಿ ಬಂದಿದ್ದರೆ ಐನೂರು, ಹೆಜ್ಜೆಗಾದರೆ ನೂರು ಎಂದು ನನ್ನೊಳಗಿನ ಕ್ಯಾಶಿಯರು ಆಗಲೇ ಚೀಟಿ ಬರೆದಿದ್ದ, ಹುಲಿಯನ್ನು ಆ ಹುಡುಗನೇ ಎಲ್ಲೋ ಬಚ್ಚಿಟ್ಟಿದ್ದಾನೆ ಅನ್ನುವ ಹಾಗೆ. ಹೊರಡುವಾಗ ಡಬ್ಬಿಯ ಮುಂದೆ ನಿಂತೆ. ಯಾರೂ ನೋಡುವುದಿಲ್ಲ, ಎಷ್ಟು ಹಾಕಿದರೂ ನಡೆಯುತ್ತದೆ ಎಂದು ಹಾಯೆನಿಸಿತು. ಮರುಕ್ಷಣವೇ, ಯಾರೂ ನೋಡದಿದ್ದರೆ ಹಾಕಿಯೂ ಏನು ಬಂತು ಅನ್ನಿಸಿತು. ಮೇಜಿನ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತಲಿ ಎಂದು ಇನ್ನೂರರ ನೋಟನ್ನು ಡಬ್ಬಿಯ ಬಾಯಿಗೆ ಅರ್ಧ ತೂರಿಸಿ, ಗೋಡೆಯ ಮೇಲಿನ ಆನೆಯ ಫೋಟೋ ನೋಡುತ್ತ ನಿಂತೆ. ಅವಳು ತಲೆ ಎತ್ತಲೇ ಇಲ್ಲ. ಕೆಮ್ಮಿದೆ. ಕುಡಿಯುವ ನೀರು ಆ ಕಡೆ ಇದೆ ಎಂದು ಕೈ ತೋರಿಸಿದಳು.

ನನ್ನ ಭಾಮೈದನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಆಡಿಟ್ ಇಲಾಖೆಯಲ್ಲಿದ್ದವನು, ಕಾನೂನು ಬಾಯಿಪಾಠ. ಹೆಬ್ಬಾಳದ ಹೋಟೆಲಿನಲ್ಲಿ ಬಿಲ್ಲಿನ ಮೇಲೆ ಸರ್ವೀಸ್ ಚಾರ್ಜ್ ಕಂಡರೆ ಸಾಕು, 2022ರ ಜುಲೈ 4ರಂದು ಬಂದ ಮಾರ್ಗಸೂಚಿ, ಅದನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿದದ್ದು, ಎಲ್ಲವನ್ನೂ ಮ್ಯಾನೇಜರ್ ಮುಂದೆ ಒಪ್ಪಿಸುತ್ತಾನೆ. ಚಾರ್ಜು ತೆಗೆಸುತ್ತಾನೆ. ಆಮೇಲೆ ಸಪ್ಲೈಯರ್ ಕುಂದಾಪುರದ ಕಡೆಯವನು ಎಂದು ಗೊತ್ತಾಗಿ ಅಷ್ಟೇ ದುಡ್ಡನ್ನು ತಟ್ಟೆಯಲ್ಲಿಟ್ಟು ಬರುತ್ತಾನೆ. ಲೇಪಾಕ್ಷಿ ಪ್ರವಾಸಕ್ಕೆ 'ಟಿಪ್ಸ್ ಫಂಡ್' ಮಾಡೋಣ ಎಂದದ್ದು ಇವನೇ. ಮನೆಗೆ ಮುನ್ನೂರು. ಐದು ಮನೆ, ಸಾವಿರದ ಐನೂರು. ಖಜಾಂಚಿ ಯಾರು? ಎಲ್ಲರೂ ನನ್ನ ಕಡೆ ತಿರುಗಿದರು. ಹೆಂಡತಿ ಹಳೆಯ ಜಿಪ್ ಪರ್ಸು ಕೊಟ್ಟಳು.

ಟಿಟಿ ಗಾಡಿ ಯಲಹಂಕದಿಂದ ಬೆಳಿಗ್ಗೆ ಆರಕ್ಕೆ ಹೊರಟಿತು. ಇಂಥ ಗಾಡಿಗಳಿಗೆ ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಮಿನಿಮಮ್ ಇರುತ್ತದೆ, ಟೋಲು ಬೇರೆ, ಡ್ರೈವರ್ ಬಾಟಾ ಬೇರೆ. ಬಾಟಾ ಕೊಟ್ಟ ಮೇಲೂ ಟಿಪ್ಸು ಕೊಡಬೇಕೇ ಎಂಬ ಚರ್ಚೆ ಸಾದಹಳ್ಳಿ ಟೋಲಿನಲ್ಲಿ ಶುರುವಾಗಿ ಬಾಗೇಪಲ್ಲಿ ಟೋಲಿನವರೆಗೆ ನಡೆಯಿತು. ಪಾಪ, ಡ್ರೈವರ್ ಮುಂದೆಯೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಬಾಟಾ ಅಂದರೆ ಅವನ ಊಟ, ರಾತ್ರಿ ಹೊತ್ತಿನ ಕೂಲಿ, ಅದು ನಮ್ಮ ಉಪಕಾರವಲ್ಲ ಎಂದು ನನ್ನ ಹೆಂಡತಿ. ಉಪಕಾರದ ಪ್ರಶ್ನೆಯಲ್ಲ, ವೋಚರ್ ಪ್ರಶ್ನೆ ಎಂದು ಭಾಮೈದ. ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದಾಗ ಡ್ರೈವರೇ ಬಾಯಿಬಿಟ್ಟ: "ಸಾರ್, ಮೊದಲು ಟಿಫನ್ ಮಾಡೋಣ, ಆಮೇಲೆ ಡಿಸೈಡ್ ಮಾಡಿ."

ಲೇಪಾಕ್ಷಿಯಲ್ಲಿ ಸಿಕ್ಕ ಗೈಡು ತೆಲುಗು ರಾಗದ ಚೆಂದದ ಕನ್ನಡ ಮಾತಾಡುತ್ತಿದ್ದ. ಒಂದೇ ಬಂಡೆಯ ದೊಡ್ಡ ನಂದಿ ತೋರಿಸಿದ. ಏಳು ಹೆಡೆಯ ನಾಗಲಿಂಗ ತೋರಿಸಿ, ತಾಯಿ ಅಡುಗೆ ಮಾಡಿ ಮುಗಿಸುವಷ್ಟರಲ್ಲಿ ಶಿಲ್ಪಿಗಳು ಇದನ್ನು ಕೆತ್ತಿದರು, ಆ ತಾಯಿಯ ಕಣ್ಣು ತಾಗಿ ಬಿರುಕು ಬಿಟ್ಟಿತು ಎಂದ. "ನಿಮಗೆ ಸಾರು ಇಳಿಸೋ ಹೊತ್ತಿಗೆ ಸೌತೆಕಾಯಿ ಹೆಚ್ಚೋಕಾಗಲ್ಲ" ಎಂದು ಹೆಂಡತಿ ಪಿಸುಗುಟ್ಟಿದಳು. ನಾಟ್ಯಮಂಟಪದ ಸುಮಾರು 70 ಕಂಬಗಳಲ್ಲಿ ಒಂದು ನೆಲಕ್ಕೆ ಪೂರ್ತಿ ಊರಿಲ್ಲ. ಅಡಿಯಲ್ಲಿ ಬಟ್ಟೆ, ಕಾಗದ ತೂರುತ್ತದೆ. "ಒಂದು ಪೇಪರ್ ಕೊಡಿ ಸಾರ್" ಅಂದ ಗೈಡು. ಖಜಾಂಚಿಯ ಕೈ ತಾನಾಗಿ ಪರ್ಸಿಗೆ ಹೋಯಿತು, ಹತ್ತರ ನೋಟು ಬಂತು. ಅವನು ಮಂಡಿಯೂರಿ ನೋಟನ್ನು ಕಂಬದ ಅಡಿಗೆ ತೂರಿಸಿ, ಮೆಲ್ಲಗೆ ಸರಿಸಿ, ಆ ಬದಿಯಿಂದ ಎಳೆದ. ಗಾಂಧೀಜಿ ಮೊದಲು, ಆಮೇಲೆ ಉಳಿದದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು.

ನೋಟು ವಾಪಸು ಬರಲಿಲ್ಲ. ಅದನ್ನು ಉದ್ದಕ್ಕೆ ಮಡಿಸಿ ಎರಡು ಬೆರಳ ನಡುವೆ ಹಿಡಿದು, ಅದರಲ್ಲೇ ಮುಂದಿನದನ್ನೆಲ್ಲ ತೋರಿಸತೊಡಗಿದ. ಚಾವಣಿಯ ಚಿತ್ರಗಳ ಕಡೆಗೆ ನೋಟು ಏರಿತು, ಸೀರೆಯ ಅಂಚಿನ ವಿನ್ಯಾಸಗಳಿದ್ದ ಕಂಬಗಳ ಮೇಲೆ ಇಳಿಯಿತು. ಉಳಿದವರು ಶಿಲ್ಪ ನೋಡಿದರು. ನಾನು ನೋಟನ್ನೇ ನೋಡಿದೆ. ಇದು ಟಿಪ್ಸಾಗಿ ಹೋಯಿತೇ? ಹತ್ತೇ ರೂಪಾಯಿ ಟಿಪ್ಸು ಎಂದು ಅವನು ತಿಳಿದುಕೊಂಡನೇ? ಇಲ್ಲ, ವಾಪಸು ಕೊಟ್ಟು ಅವಮಾನ ಮಾಡಲು ಕಾದಿದ್ದಾನೆಯೇ?

ಅರ್ಧಕ್ಕೆ ನಿಂತ ಕಲ್ಯಾಣಮಂಟಪದ ಹತ್ತಿರ ಬಂದಾಗ ನೋಟು ಗೋಡೆಯ ಕೆಂಪು ಕಲೆಗಳ ಕಡೆ ಚಾಚಿತು. 16ನೇ ಶತಮಾನ, ಅಚ್ಯುತರಾಯನ ಕಾಲ. ಪೆನುಕೊಂಡೆಯ ಖಜಾನೆ ವಿರೂಪಣ್ಣನ ಕೈಯಲ್ಲಿತ್ತು. ರಾಜನನ್ನು ಕೇಳದೆ ಖಜಾನೆಯ ಹಣ ತೆಗೆದು ಈ ಗುಡಿ ಕಟ್ಟಿಸಿದನೆಂದು ದೂರು ಹೋಯಿತಂತೆ. ಕಣ್ಣು ಕೀಳಿಸುವ ಆಜ್ಞೆ ಬರುವುದನ್ನು ತಿಳಿದು ತಾನೇ ಕಣ್ಣು ಕಿತ್ತು ಈ ಗೋಡೆಗೆ ಎಸೆದನಂತೆ. ಕಥೆಯೇ ಇರಬಹುದು, ಆದರೆ ಕೇಳುವಾಗ ಜಿಪ್ ಪರ್ಸು ಕೈಯಲ್ಲಿದ್ದವನಿಗೆ ಬೆನ್ನಿನಲ್ಲಿ ಚಳಿ ಬಂತು. ಭಾಮೈದ ನನ್ನ ಭುಜದ ಮೇಲೆ ಕೈಯಿಟ್ಟು, "ಭಾವ, ಲೆಕ್ಕ ಬರೀತಾ ಇದ್ದೀರಾ ತಾನೇ?" ಅಂದ.

ಗುಡಿಯ ಬಾಗಿಲಲ್ಲಿ ಗೈಡಿಗೆ ಗೊತ್ತುಮಾಡಿದ ಹಣ ಕೊಟ್ಟಾಯಿತು. ಅವನು ಮಡಿಸಿದ ನೋಟನ್ನು ಬಿಡಿಸಿ, ನೇರ ಮಾಡಿ, "ನಿಮ್ಮ ನೋಟು ಸಾರ್" ಎಂದು ಎರಡೂ ಕೈಯಲ್ಲಿ ಹಿಂದಿರುಗಿಸಿದ. ಅಷ್ಟು ದೊಡ್ಡ ಮನಸ್ಸಿನ ಮುಂದೆ ಇನ್ನೂರು ಕೊಡಬೇಕೆಂದಿದ್ದ ನನ್ನ ಕೈ ಐನೂರನ್ನು ಎಳೆದುಬಿಟ್ಟಿತು. ಹಿಂದಿನಿಂದ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು, ನಾನು ತಿರುಗಿ ನೋಡಲಿಲ್ಲ. ಚಪ್ಪಲಿ ಕಾದವಳಿಗೆ ಇಪ್ಪತ್ತು. ಬರುವಾಗ ಮಿನಿಮಮ್ ಕಿಲೋಮೀಟರ್ ಸುಮ್ಮನೆ ಹಾಳಾಗಬಾರದೆಂದು ಭಾಮೈದ ವಿದುರಾಶ್ವತ್ಥದ ಕಡೆ ತಿರುಗಿಸಿದ. ದೊಡ್ಡಬಳ್ಳಾಪುರ ದಾಟಿದ ಮೇಲೆ ಡ್ರೈವರ್ ಜೊತೆ ನನ್ನ ಮಾತು ಬಲು ಸಿಹಿಯಾಯಿತು. ಮಕ್ಕಳೆಷ್ಟು, ಯಾವ ಊರು, ಗಾಡಿ ಎಷ್ಟು ಚೆನ್ನಾಗಿ ಓಡಿಸುತ್ತೀಯಪ್ಪ. ಕೊಡುವುದು ಕಡಿಮೆಯಾಗುವ ಸೂಚನೆ ಇದ್ದಾಗ ನಾನು ಹೀಗೆ ಮಾತಿನಲ್ಲಿ ತುಂಬಿಸಿಕೊಡುತ್ತೇನೆ. ಕೊನೆಗೆ ಅವನಿಗೆ ಏಳುನೂರು ಕೊಟ್ಟೆ. ಹೆಂಡತಿ ಉಳಿದ ಪುಳಿಯೋಗರೆ ಪೊಟ್ಟಣ, ಅಮ್ಮ ಎರಡು ಬಾಳೆಹಣ್ಣು ಕೊಟ್ಟರು. ಅವನು ಹಣ ಎಣಿಸಲಿಲ್ಲ, ಪುಳಿಯೋಗರೆಯನ್ನು ಮಾತ್ರ ಮೂಸಿ ನೋಡಿ ನಕ್ಕ.

ಅದೇ ರಾತ್ರಿ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಲೆಕ್ಕ ಹಾಕಿದೆ. ಬಂದದ್ದು 1500. ಖರ್ಚು 500, 20, 700. ಉಳಿಕೆ 280. ಪರ್ಸಿನಲ್ಲಿದ್ದದ್ದು 270. ಭಾಮೈದನಿಗೆ ಫೋಟೋ ಕಳಿಸಿದ ಅರ್ಧ ಗಂಟೆಗೆ ಆಡಿಟ್ ವರದಿ ಬಂತು: ಕಂಬದ ಅಡಿಗೆ ಹೋದ ಹತ್ತರ ನೋಟು ಫಂಡಿನದು, ಗೈಡು ವಾಪಸು ಕೊಟ್ಟದ್ದನ್ನು ಖಜಾಂಚಿಯವರು ಸ್ವಂತ ಅಂಗಿಯ ಜೇಬಿಗೆ ಇಳಿಸಿದ್ದನ್ನು ಇಬ್ಬರು ಸಾಕ್ಷಿಗಳು ನೋಡಿದ್ದಾರೆ. ಅಂಗಿ ತೆಗೆಯಲು ಎದ್ದೆ. ಅಷ್ಟರಲ್ಲಿ ಅದು ವಾಷಿಂಗ್ ಮೆಷಿನ್ನಿನಲ್ಲಿ ಎರಡನೇ ಸುತ್ತು ತಿರುಗುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಗುಂಪಿನಲ್ಲಿ ಎಲ್ಲರೂ ನನ್ನನ್ನು ವಿರೂಪಣ್ಣ ಎಂದು ಕರೆಯುತ್ತಿದ್ದರು. ನ್ಯೂಜೆರ್ಸಿಯಿಂದ ಮಗಳೂ ಬರೆದಿದ್ದಳು: "ವಿರೂಪಣ್ಣನವರೇ, ಅಂಗಿ ಒಣಗಿತಾ?"